ಕಡಲಬದಿಯ ಶೆಡ್ಡಿನಲ್ಲಿ ಒಂಬತ್ತು ಮಳೆಗಾಲ: 1984ರ ಪದ್ಮಿನಿಯೊಂದರ ತುಕ್ಕು ಬಿಡಿಸಿದ ಪ್ರಕರಣ

ಕಾರು 1984ರ ಪ್ರೀಮಿಯರ್ ಪದ್ಮಿನಿ. ಉಡುಪಿ ಜಿಲ್ಲೆಯಲ್ಲಿ, ಕಡಲಿನಿಂದ ಎರಡು ಕಿಲೋಮೀಟರ್ ಒಳಗಿರುವ ಮನೆಯ ಶೆಡ್ಡಿನಲ್ಲಿ 2014ರ ದೀಪಾವಳಿಯ ನಂತರ ನಿಂತದ್ದು 2023ರ ದೀಪಾವಳಿಯವರೆಗೂ ಕದಲಲಿಲ್ಲ. ಶೆಡ್ಡಿಗೆ ಮೂರು ಕಡೆ ಮುರಕಲ್ಲಿನ ಗೋಡೆ, ಮೇಲೆ ಮಂಗಳೂರು ಹೆಂಚು, ಕೆಳಗೆ ಬರೀ ಮಣ್ಣು. ಗೋಡೆ ಇಲ್ಲದ ನಾಲ್ಕನೆಯ ಕಡೆ ಪಡುವಣಕ್ಕೆ ತೆರೆದಿತ್ತು. ಮಳೆಯ ಎರಚಲೂ ಉಪ್ಪುಗಾಳಿಯೂ ಬರುವುದು ಅದೇ ದಿಕ್ಕಿನಿಂದ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಸೀಮೆಯಲ್ಲಿ ಇಂಥ ಜಾಗ ಕಾರಿಗೆ ನೆರಳು ಕೊಡಬಲ್ಲದು, ರಕ್ಷಣೆ ಕೊಡಲಾರದು. ಮಣ್ಣಿನ ನೆಲದಿಂದ ಏಳುವ ತೇವ ಕಾರಿನ ಹೊಟ್ಟೆಗೆ ಹಗಲೂ ರಾತ್ರಿ ತಾಗುತ್ತಿತ್ತು.

ಕೆಲಸಕ್ಕೆ ಇಳಿದವರು ಇಬ್ಬರು: ಕಾರಿನ ಮನೆಯವರೊಬ್ಬರು, ಮತ್ತು ವಾರಕ್ಕೆ ಎರಡು ದಿನ ಬರಲು ಒಪ್ಪಿದ ಊರಿನ ವೆಲ್ಡರ್. ಲಿಫ್ಟ್ ಇಲ್ಲ, ಪೇಂಟ್ ಬೂತ್ ಇಲ್ಲ. ನಾಲ್ಕು ಆಕ್ಸಲ್ ಸ್ಟ್ಯಾಂಡ್, ಎರಡು ಜಾಕಿ, ಒಂದು ಮಿಗ್ ವೆಲ್ಡಿಂಗ್ ಮೆಷಿನ್ (ವೈರನ್ನೂ ಗ್ಯಾಸನ್ನೂ ತಾನೇ ಬಿಡುವಂಥದ್ದು), ಒಂದು ಕಂಪ್ರೆಸರ್ ಇಷ್ಟೇ. ಮನೆಯ ಶೆಡ್ಡಿನಲ್ಲಿ ಇಷ್ಟರಿಂದ ಏನೇನು ಸಾಧ್ಯ, ಎಲ್ಲಿ ಕೈ ಸೋಲುತ್ತದೆ ಎನ್ನುವುದಕ್ಕೆ ಈ ಕಾರು ಒಳ್ಳೆಯ ಉದಾಹರಣೆ.

ಮೊದಲೇ ತಿಳಿದಿರಬೇಕಾದ ಒಂದು ಮಾತಿದೆ. ಪದ್ಮಿನಿಯ ಮೂಲ 1953ರಲ್ಲಿ ಬಂದ ಫಿಯಟ್ 1100-103. ಜೀಪಿಗೆ ಇರುವಂಥ ಪ್ರತ್ಯೇಕ ಚಾಸಿ ಇದಕ್ಕಿಲ್ಲ. ನೆಲದ ತಗಡು, ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್, ಪಿಲ್ಲರ್, ಮಾಡು ಎಲ್ಲ ಸೇರಿ ಒಂದೇ ಪೆಟ್ಟಿಗೆಯಾಗಿ ಭಾರ ಹೊರುತ್ತವೆ. ರನ್ನಿಂಗ್ ಬೋರ್ಡ್ ತುಕ್ಕು ಹಿಡಿದರೆ ಕಾರಿನ ಅಂದ ಕೆಟ್ಟಿತು ಎಂದಷ್ಟೇ ತಿಳಿಯಬಾರದು, ಬೆನ್ನುಮೂಳೆಯೇ ಸವೆದಿರುತ್ತದೆ. ಅದನ್ನು ಕತ್ತರಿಸಿದ ಗಳಿಗೆಯಲ್ಲಿ ಪೆಟ್ಟಿಗೆ ಎತ್ತ ಬೇಕಾದರೂ ಬಾಗಬಹುದು.

ತೂತು ಮೂರಲ್ಲ, ಇಪ್ಪತ್ತೇಳು

ನೋಡಿದವರ ಕಣ್ಣಿಗೆ ಬಿದ್ದದ್ದು ಮೂರು ತೂತು: ಚಾಲಕನ ಕಾಲ ಕೆಳಗೆ ಒಂದು, ಎಡ ಹಿಂಬಾಗಿಲ ತಳದಲ್ಲಿ ಒಂದು, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿಯಲ್ಲಿ ಒಂದು. ತಪಾಸಣೆ ಮುಗಿಯುವ ಹೊತ್ತಿಗೆ ಚಾಕ್‌ಪೀಸಿನ ಗುರುತು 27 ಆಗಿತ್ತು.

ತಪಾಸಣೆಗೆ ಬೇಕಾದದ್ದು ಬಟ್ಟೆ ಸುತ್ತಿದ ಅಯಸ್ಕಾಂತ, ಮೊಂಡು ಸ್ಕ್ರೂಡ್ರೈವರ್, ಸಣ್ಣ ಸುತ್ತಿಗೆ. ಅಯಸ್ಕಾಂತ ಹಿಡಿಯದ ಕಡೆ ಕೆಳಗಿರುವುದು ಪುಟ್ಟಿ. ಸುತ್ತಿಗೆಯಿಂದ ಮೆಲ್ಲಗೆ ಬಡಿದಾಗ ಗಟ್ಟಿ ತಗಡು ಠಣ್ ಎನ್ನುತ್ತದೆ, ಕೊಳೆತದ್ದು ದಬ್ ಎನ್ನುತ್ತದೆ. ದಬ್ ಎಂದ ಕಡೆ ಸ್ಕ್ರೂಡ್ರೈವರ್ ಒತ್ತಿ ನೋಡಬೇಕು. ಒಳಕ್ಕೆ ಹೋದರೆ ಹೋಗಲಿ, ಆಗಲೇ ಸತ್ಯ ಗೊತ್ತಾಗುವುದು. ಬಣ್ಣ ಹಾಳಾದೀತೆಂದು ಇಲ್ಲಿ ಕೈ ಹಿಂದೆಗೆದವರು ವೆಲ್ಡಿಂಗ್ ಮುಗಿದ ಮೇಲೆ ಮತ್ತೆ ಕತ್ತರಿಸಬೇಕಾಗುತ್ತದೆ.

ಎಡಗಡೆಯ ರನ್ನಿಂಗ್ ಬೋರ್ಡಿನಲ್ಲಿ ಅಯಸ್ಕಾಂತ ಎರಡು ಗೇಣು ಉದ್ದಕ್ಕೆ ಎಲ್ಲಿಯೂ ನಿಲ್ಲಲಿಲ್ಲ. ಅಲ್ಲಿ ಕೆರೆದಾಗ ಮೊದಲು ಬಣ್ಣದ ನಾಲ್ಕು ಪದರ ಬಂತು. ಬಿಳಿ, ನಸುನೀಲಿ, ಮತ್ತೆ ಬಿಳಿ, ಕೊನೆಗೆ ಮೂಲದ ಕೆನೆಬಣ್ಣ. ಅದರ ಕೆಳಗೆ 12 ಮಿಲಿಮೀಟರ್ ದಪ್ಪದ ಪುಟ್ಟಿ. ಪುಟ್ಟಿಯ ಚಕ್ಕೆ ಎದ್ದಾಗ ಒಳಗೆ ಪಾಪ್ ರಿವೆಟ್ ಹೊಡೆದ ಹಳೆಯ ಆಯಿಲ್ ಡಬ್ಬದ ತಗಡು, ಅಚ್ಚಿನ ಅಕ್ಷರಗಳ ಸಮೇತ. ತಗಡಿನ ಹಿಂದೆ ಒತ್ತಿ ತುಂಬಿದ್ದ ದಿನಪತ್ರಿಕೆ ಕಪ್ಪಗೆ ಕೊಳೆತು, ಮುಟ್ಟಿದರೆ ಒದ್ದೆ. ಕಾರ್ತಿಕದ ಒಣ ಹವೆಯಲ್ಲೂ ಒದ್ದೆ. ಯಾವ ಕಾಲದಲ್ಲೋ ಮಾಡಿದ ಆ ರಿಪೇರಿಯೇ ರನ್ನಿಂಗ್ ಬೋರ್ಡನ್ನು ಒಳಗಿನಿಂದ ತಿಂದುಹಾಕಿತ್ತು. ಪುಟ್ಟಿ ನೀರು ಹೀರುತ್ತದೆ, ಕಾಗದ ಹೀರಿದ್ದನ್ನು ಹಿಡಿದಿಡುತ್ತದೆ, ರಿವೆಟ್ಟಿನ ಸಂದಿಗೆ ಬಣ್ಣವೇ ತಲುಪುವುದಿಲ್ಲ.

ನೀರು ಬಂದ ದಾರಿ

ಕತ್ತರಿಸುವ ಮೊದಲು ಎರಡು ದಿನ ಕಾರಿಗೆ ಪೈಪಿನಿಂದ ನೀರು ಬಿಟ್ಟು ನೋಡಿದ್ದೇ ಈ ಇಡೀ ಕೆಲಸದ ಅತ್ಯಂತ ಲಾಭದ ಹೆಜ್ಜೆ. ತಗಡು ಬದಲಿಸುವುದು ಕಷ್ಟದ ಕೆಲಸವಾದರೂ ಕಲಿಯಬಹುದು. ನೀರಿನ ದಾರಿ ಹುಡುಕದೆ ಬದಲಿಸಿದರೆ ಮಾತ್ರ ಮೂರು ಮಳೆಗಾಲದೊಳಗೆ ಹೊಸ ತಗಡೂ ಅದೇ ಜಾಗದಲ್ಲಿ ತೂತು ಬೀಳುತ್ತದೆ.

ಒಬ್ಬರು ಒಳಗೆ ಟಾರ್ಚ್ ಹಿಡಿದು ಮಲಗಬೇಕು, ಇನ್ನೊಬ್ಬರು ಹೊರಗಿನಿಂದ ಒಂದೊಂದೇ ಜಾಗಕ್ಕೆ, ಕೆಳಗಿನಿಂದ ಮೇಲಕ್ಕೆ, ಐದೈದು ನಿಮಿಷ ನೀರು ಬಿಡಬೇಕು. ಮೇಲಿನಿಂದ ಶುರು ಮಾಡಿದರೆ ಎಲ್ಲ ಕಡೆಯೂ ನೀರು ಹರಿದು ಯಾವುದು ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ.

ಮೂರು ದಾರಿ ಸಿಕ್ಕವು. ಮುಂದಿನ ಗಾಜಿನ ರಬ್ಬರ್ ಕಲ್ಲಾಗಿತ್ತು; ಅದರ ಎಡ ಕೆಳಮೂಲೆಯಿಂದ ಇಳಿದ ನೀರು ಡ್ಯಾಶ್‌ಬೋರ್ಡಿನ ಹಿಂದಿನಿಂದ ಕಾಲಿಡುವ ಜಾಗಕ್ಕೆ ಬಂದು ಸೆಣಬಿನ ಫೆಲ್ಟಿನಲ್ಲಿ ಸೇರಿಕೊಳ್ಳುತ್ತಿತ್ತು. ಫೆಲ್ಟಿನ ಮೇಲೆ ತೆಂಗಿನ ನಾರಿನ ಮ್ಯಾಟ್, ಅದರ ಮೇಲೆ ರಬ್ಬರ್ ಮ್ಯಾಟ್. ಮೇಲೆ ಕೈಯಾಡಿಸಿದರೆ ಒಣ, ಕೆಳಗೆ ವರ್ಷವಿಡೀ ತೇವ. ಎರಡನೆಯ ದಾರಿ ಬಾಗಿಲು. ಕಿಟಕಿ ಗಾಜಿನ ಬದಿಯಿಂದ ಬಾಗಿಲೊಳಗೆ ನೀರು ಇಳಿಯುವುದು ಸಹಜವೇ, ಅದು ತಳದ ತೂತಿನಿಂದ ಹೊರಹೋಗಲಿ ಎಂದೇ ಕಟ್ಟಿರುತ್ತಾರೆ. ಈ ಕಾರಿನ ನಾಲ್ಕು ಬಾಗಿಲಲ್ಲಿ ಮೂರರ ತೂತುಗಳು ಬಣ್ಣ, ಧೂಳು, ಇರುವೆಗೂಡಿನಿಂದ ಮುಚ್ಚಿಹೋಗಿದ್ದವು. ಎಡ ಹಿಂಬಾಗಿಲನ್ನು ಅಲುಗಾಡಿಸಿದರೆ ಒಳಗೆ ನೀರಿನ ಸದ್ದು ಕೇಳುತ್ತಿತ್ತು.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಮುಂದಿನ ಮಡ್‌ಗಾರ್ಡಿನ ಹಿಂತುದಿಗೂ ಬಾಗಿಲ ಪಿಲ್ಲರಿಗೂ ನಡುವೆ ಚಕ್ರ ಎರಚಿದ ಕೆಸರು ಸೇರುವ ಸಂದಿ ಇದೆ. ಅಲ್ಲಿಂದ ಎರಡೂ ಕಡೆ ಸೇರಿ ನಾಲ್ಕೂವರೆ ಕಿಲೋ ಮಣ್ಣು ತೆಗೆಯಲಾಯಿತು. ಕಡಲಬದಿಯ ರಸ್ತೆಯ ಮಣ್ಣಿನಲ್ಲಿ ಉಪ್ಪು ಇದ್ದೇ ಇರುತ್ತದೆ, ಉಪ್ಪು ಗಾಳಿಯ ತೇವವನ್ನು ಎಳೆಯುತ್ತದೆ, ಹಾಗಾಗಿ ಆ ಮಣ್ಣು ಬೇಸಿಗೆಯಲ್ಲೂ ಪೂರ್ತಿ ಒಣಗುವುದಿಲ್ಲ. ರನ್ನಿಂಗ್ ಬೋರ್ಡಿನ ಮುಂತುದಿ ಅದಕ್ಕೆ ಅಂಟಿಕೊಂಡೇ ಇದೆ.

ಕೆಲಸದ ಲೆಕ್ಕ: ದೀಪಾವಳಿಯಿಂದ ಪತ್ತನಾಜೆ

ಕರಾವಳಿಯಲ್ಲಿ ಬರಿದಾದ ಕಬ್ಬಿಣದ ಮೇಲೆ ಕೆಲಸ ಮಾಡಲು ಸಿಗುವ ಕಾಲ ದೀಪಾವಳಿಯಿಂದ ಪತ್ತನಾಜೆಯವರೆಗೆ, ಅಂದರೆ ನವೆಂಬರಿನಿಂದ ಮೇ ಕೊನೆಯ ತನಕ. ಅದರಲ್ಲೂ ಪ್ರೈಮರ್, ಬಣ್ಣಕ್ಕೆ ನಂಬಬಹುದಾದದ್ದು ಡಿಸೆಂಬರ್, ಜನವರಿ, ಫೆಬ್ರವರಿ. ಏಪ್ರಿಲಿನ ಹೊತ್ತಿಗೆ ಗಾಳಿಯ ತೇವ ಏರಿ, ಸಂಜೆ ಉಜ್ಜಿ ಬೆಳ್ಳಗೆ ಮಾಡಿದ ತಗಡು ಬೆಳಗಾಗುವಷ್ಟರಲ್ಲಿ ಕಂದು ಪುಡಿ ಹೊದ್ದಿರುತ್ತದೆ. ಆದ್ದರಿಂದ ಇಡೀ ಕಾರನ್ನು ಒಮ್ಮೆಗೇ ಬರಿದು ಮಾಡಲಿಲ್ಲ. ಒಂದು ದಿನದಲ್ಲಿ ಉಜ್ಜಿ, ತೊಳೆದು, ಒಣಗಿಸಿ, ಎಪಾಕ್ಸಿ ಪ್ರೈಮರ್ (ತೇವ ತಡೆಯುವ ಅಡಿಬಣ್ಣ) ಹೊಡೆಯಲು ಆಗುವಷ್ಟು ಜಾಗವನ್ನೇ ಆ ದಿನ ತೆರೆಯುವುದು ಎಂದು ನಿಶ್ಚಯಿಸಲಾಯಿತು. ಮೊದಲ ಹಂಗಾಮಿನಲ್ಲಿ ತಗಡಿನ ಕೆಲಸ, ಎರಡನೆಯದರಲ್ಲಿ ಬಣ್ಣ ಮತ್ತು ಯಂತ್ರ ಎಂದು ಹಂಚಿಕೊಂಡರು.

ಶೆಡ್ಡಿನ ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಮೇಲೆ ನಾಲ್ಕು ಇಂಚು ಕಾಂಕ್ರೀಟ್ ಹಾಕಿದ್ದು, ಪಡುವಣದ ಬದಿಗೆ ತಗಡಿನ ಬಾಗಿಲು ಕೂರಿಸಿದ್ದು ಎಲ್ಲಕ್ಕಿಂತ ಮೊದಲು. ಅದರ ಖರ್ಚು ಕಾರಿನ ಲೆಕ್ಕಕ್ಕೆ ಸೇರಿಸಿಯೇ ಈ ಬಗೆಯ ಕೆಲಸಕ್ಕೆ ಕೈಹಾಕಬೇಕು.

ರನ್ನಿಂಗ್ ಬೋರ್ಡ್: ಕತ್ತರಿಸುವ ಮುನ್ನ ಕಟ್ಟಿಹಾಕುವುದು

ಬಾಗಿಲುಗಳನ್ನು ಕಳಚದೆ, ಮುಚ್ಚಿಟ್ಟೇ, ಸುತ್ತಲ ಸಂದಿಯನ್ನು ಅಳೆದು ಬರೆದುಕೊಳ್ಳಲಾಯಿತು. ಸಂದಿ ಹೆಚ್ಚುಕಡಿಮೆ ಎಲ್ಲ ಕಡೆ 5 ಮಿಲಿಮೀಟರ್. ನಂತರ ಬಾಗಿಲು ತೆರೆದು ಚೌಕಟ್ಟಿನ ಎರಡೂ ಕರ್ಣಗಳನ್ನು ಸೆಂಟರ್ ಪಂಚ್ ಗುರುತಿನಿಂದ ಗುರುತಿಗೆ ಅಳೆಯಲಾಯಿತು. ಆ ಗುರುತುಗಳು ಕೊನೆಯವರೆಗೂ ಉಳಿಯಬೇಕು, ಚಾಕ್‌ಪೀಸಿನದಾದರೆ ಎರಡನೆಯ ದಿನಕ್ಕೇ ಅಳಿಸಿಹೋಗುತ್ತದೆ.

ಕಾರು ಆಕ್ಸಲ್ ಸ್ಟ್ಯಾಂಡಿನ ಮೇಲೆ ಕೂತದ್ದು ಮುಂದೆ ಸಸ್ಪೆನ್ಷನ್ನಿನ ಕ್ರಾಸ್‌ಮೆಂಬರ್ ಎಂಬ ಅಡ್ಡತೊಲೆಯಡಿ, ಹಿಂದೆ ಆಕ್ಸಲಿನಡಿ, ಎಂದರೆ ರಸ್ತೆಯ ಮೇಲೆ ಭಾರ ಬೀಳುವ ಜಾಗಗಳಲ್ಲೇ. ಜಾಕಿ ಪಾಯಿಂಟಿನ ಕೆಳಗೆ ಸ್ಟ್ಯಾಂಡ್ ಕೊಟ್ಟು ರನ್ನಿಂಗ್ ಬೋರ್ಡ್ ಕತ್ತರಿಸಿದರೆ ಕಾರು ನಡುವಿನಲ್ಲಿ ಮಡಚಿಕೊಳ್ಳುತ್ತದೆ. ಬಾಗಿಲ ಚೌಕಟ್ಟುಗಳಿಗೆ ಒಂದು ಇಂಚಿನ, 2 ಮಿಲಿಮೀಟರ್ ದಪ್ಪದ ಚೌಕ ಪೈಪುಗಳನ್ನು ಅಡ್ಡಕ್ಕೆ ವೆಲ್ಡ್ ಮಾಡಿದರು. ಎಡ ಬಲ ಪಿಲ್ಲರುಗಳ ನಡುವೆಯೂ ಒಂದೊಂದು. ಒಂದು ಕಡೆಯ ರನ್ನಿಂಗ್ ಬೋರ್ಡ್ ಪೂರ್ತಿ ಮುಗಿಯುವವರೆಗೆ ಇನ್ನೊಂದನ್ನು ಮುಟ್ಟುವಂತಿಲ್ಲ.

ತಗಡಿಗೆ ಸಿಆರ್ ಶೀಟ್ (ಲೇಪವಿಲ್ಲದ ಕೋಲ್ಡ್ ರೋಲ್ಡ್ ಉಕ್ಕಿನ ಹಾಳೆ) ಬಳಸಿದರು. ಸತು ಲೇಪಿಸಿದ ಜಿಐ ಶೀಟ್ ತುಕ್ಕು ಹಿಡಿಯದು ಎಂದು ಹಲವರು ತರುತ್ತಾರೆ. ವೆಲ್ಡಿಂಗಿನ ಬಿಸಿಗೆ ಅದರ ಸತು ಸುಟ್ಟು ವಿಷದ ಹೊಗೆಯಾಗುತ್ತದೆ, ಉಸಿರಾಡಿದವರಿಗೆ ಆ ರಾತ್ರಿಯೇ ಚಳಿಜ್ವರ ಬರುತ್ತದೆ, ವೆಲ್ಡೂ ಗುಳ್ಳೆಗುಳ್ಳೆ. ಹೊರಪದರಕ್ಕೆ 1 ಮಿಲಿಮೀಟರ್, ಒಳಪದರ ಮತ್ತು ನಡುವಿನ ಬಲಪಟ್ಟಿಗೆ 1.2, ಜಾಕಿ ಪಾಯಿಂಟಿಗೆ 2. ಎಂಟಡಿಗೆ ನಾಲ್ಕಡಿಯ 1.2ರ ಹಾಳೆ ಸುಮಾರು 28 ಕಿಲೋ, 1 ಮಿಲಿಮೀಟರಿನದು 23 ಕಿಲೋ ತೂಗುತ್ತದೆ. ನೆಲ, ಡಿಕ್ಕಿ ಎಲ್ಲಕ್ಕೂ ಸೇರಿ ಎರಡೂ ಬಗೆಯ ಒಂದೊಂದು ಹಾಳೆ ಸಾಕಾಗಿ ಕಾಲುಭಾಗ ಮಿಕ್ಕಿತು. ಮಡಿಕೆಗಳನ್ನು ಪೇಟೆಯ ಬೆಂಡಿಂಗ್ ಮೆಷಿನ್ನಿನಲ್ಲಿ ಮಾಡಿಸಿದ್ದು ಒಳ್ಳೆಯದಾಯಿತು, ಒಂದೂಕಾಲು ಮೀಟರಿನಷ್ಟು ಉದ್ದದ ಮಡಿಕೆಯನ್ನು ಸುತ್ತಿಗೆಯಲ್ಲಿ ನೇರವಾಗಿ ತರಲಾಗದು.

ಕಣ್ಣಿಗೆ ಕಾಣುವ ತುಕ್ಕಿನಿಂದ 25 ಮಿಲಿಮೀಟರ್ ಆಚೆಗೆ ಕತ್ತರಿಸಬೇಕು. ಅಂಚಿನಲ್ಲಿ ತಗಡು ಹೊಳೆಯುತ್ತಿದ್ದರೂ ಹಿಂಬದಿಯಿಂದ ಸವೆದು ಅರ್ಧ ಮಿಲಿಮೀಟರ್ ಆಗಿರುತ್ತದೆ, ಕಿಡಿ ತಾಗಿದೊಡನೆ ಕರಗಿ ಓಡುತ್ತದೆ. ತೂತು ತುಂಬಲು ಹೋದಷ್ಟೂ ತೂತು ದೊಡ್ಡದಾಗುತ್ತಿದೆ ಎಂದರೆ ವೆಲ್ಡರಿನ ಕೈ ಕೆಟ್ಟದ್ದಲ್ಲ, ಕತ್ತರಿಸಿದ್ದು ಸಾಲದು ಎಂದೇ ಅರ್ಥ.

ಮೆಷಿನ್ನಿಗೆ 0.8 ಮಿಲಿಮೀಟರ್ ವೈರ್, 80 ಪಾಲು ಆರ್ಗಾನ್ 20 ಪಾಲು ಕಾರ್ಬನ್ ಡೈಆಕ್ಸೈಡ್ ಗ್ಯಾಸ್. ಬರೀ ಕಾರ್ಬನ್ ಡೈಆಕ್ಸೈಡ್ ಅಗ್ಗ, ಆದರೆ ಕಿಡಿ ಹೆಚ್ಚು, ತೆಳು ತಗಡಿಗೆ ಬಿಸಿಯೂ ಹೆಚ್ಚು. ಮೊದಲ ವಾರದ ವೆಲ್ಡುಗಳಲ್ಲಿ ಮಧ್ಯಾಹ್ನದ ನಂತರದವೆಲ್ಲ ಜೇನುಗೂಡಿನಂತೆ ತೂತುತೂತಾಗಿದ್ದವು. ಗ್ಯಾಸಿನ ಒತ್ತಡ, ವೈರು, ಟಿಪ್ಪು ಎಲ್ಲ ಬದಲಿಸಿ ನೋಡಿಯೂ ಹೋಗಲಿಲ್ಲ. ಕಾರಣ ಕಡಲಗಾಳಿ. ಹತ್ತೂವರೆ ಹನ್ನೊಂದರ ಹೊತ್ತಿಗೆ ಅದು ಏಳುತ್ತಲೇ ಬಾಗಿಲ ಸಂದಿಯಿಂದ ನುಗ್ಗಿ, ವೆಲ್ಡನ್ನು ಮುಚ್ಚಿರಬೇಕಾದ ಗ್ಯಾಸನ್ನು ಹಾರಿಸಿಬಿಡುತ್ತಿತ್ತು. ಅಂದಿನಿಂದ ವೆಲ್ಡಿಂಗ್ ಬೆಳಗ್ಗೆ, ಕತ್ತರಿಸುವ ಉಜ್ಜುವ ಕೆಲಸ ಮಧ್ಯಾಹ್ನ. ಇನ್ನೊಂದು ಅಡ್ಡಿ ವಿದ್ಯುತ್ತಿನದು. ಮನೆಯಿಂದ ಶೆಡ್ಡಿಗೆ ಎಳೆದಿದ್ದ ತೆಳು ತಂತಿಯಲ್ಲಿ ವೋಲ್ಟೇಜ್ ಇಳಿದು ಆರ್ಕ್ ತಡವರಿಸುತ್ತಿತ್ತು. 4 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆದ ಮೇಲೆ ಸರಿಯಾಯಿತು.

ಹೊಸ ತಗಡನ್ನು ಕೂರಿಸಿದ ಕ್ರಮ ಹೀಗೆ. ಹಳೆಯ ಸ್ಪಾಟ್ ವೆಲ್ಡುಗಳನ್ನು 8 ಮಿಲಿಮೀಟರಿನ ಕಟರಿನಿಂದ ಬಿಡಿಸಿ, ಹೊಸ ತಗಡಿನ ಅಂಚಿಗೆ 35 ಮಿಲಿಮೀಟರಿಗೊಂದರಂತೆ 6 ಮಿಲಿಮೀಟರಿನ ತೂತು ಕೊರೆದು, ಎರಡು ತಗಡು ತಾಗುವ ಮೈಗೆಲ್ಲ ಸತುವಿನ ವೆಲ್ಡ್-ಥ್ರೂ ಪ್ರೈಮರ್ ಬಳಿದು, ಕ್ಲ್ಯಾಂಪ್ ಬಿಗಿದು, ಬಾಗಿಲು ಹಾಕಿ ಸಂದಿ ನೋಡಿ, ಆಮೇಲಷ್ಟೇ ತೂತುಗಳಲ್ಲಿ ಪ್ಲಗ್ ವೆಲ್ಡ್. ಅಂಚಿಗೆ ಅಂಚು ಸೇರುವಲ್ಲಿ 12 ಮಿಲಿಮೀಟರಿನ ತುಂಡು ಹೊಲಿಗೆ, ಮುಂದಿನದು ಗೇಣಿನಾಚೆ, ಅದರ ಮುಂದಿನದು ಇನ್ನೊಂದು ತುದಿಗೆ. ಕೈ ಇಟ್ಟರೆ ಸುಡದಷ್ಟು ಆರಿದ ಮೇಲೆ ನಡುವಿನದನ್ನು ತುಂಬುವುದು.

ಎಡಗಡೆಯಲ್ಲಿ ಈ ಕ್ರಮ ತಪ್ಪಿತು. ಕತ್ತಲಾಗುವುದರೊಳಗೆ ಮುಗಿಸುವ ಆತುರದಲ್ಲಿ ಹಿಂಬಾಗಿಲ ಕೆಳಗೆ ಒಂದೂವರೆ ಗೇಣಿನಷ್ಟು ಉದ್ದಕ್ಕೆ ಒಂದೇ ಉಸಿರಿನಲ್ಲಿ ವೆಲ್ಡ್ ಎಳೆಯಲಾಯಿತು. ಆ ಚೌಕಟ್ಟಿಗೆ ಅಡ್ಡಪೈಪ್ ಇದ್ದದ್ದೂ ಒಂದೇ ಕರ್ಣಕ್ಕೆ. ಬೆಳಗ್ಗೆ ನೋಡಿದರೆ ಬಾಗಿಲಿನ ಹಿಂದಿನ ಕೆಳಮೂಲೆಯ ಸಂದಿ 5 ಇದ್ದದ್ದು 8, ಕೊಂಡಿ ಲಾಕಿಗೆ ಉಜ್ಜುತ್ತಿದೆ, ಕರ್ಣ 4 ಮಿಲಿಮೀಟರ್ ಗಿಡ್ಡ. ಕಾದ ವೆಲ್ಡ್ ತಣ್ಣಗಾಗುವಾಗ ಕುಗ್ಗುತ್ತದೆ, ಕುಗ್ಗುವಾಗ ಎರಡೂ ಬದಿಯ ತಗಡನ್ನು ತನ್ನ ಕಡೆ ಎಳೆಯುತ್ತದೆ. ಉದ್ದ ಹೆಚ್ಚಿದಷ್ಟೂ ಎಳೆತ ಹೆಚ್ಚು.

ತಿದ್ದಲು ಮೂರು ದಿನ ಹಿಡಿಯಿತು. ಹೊರಪದರದ ಎರಡಡಿ ಉದ್ದದ ವೆಲ್ಡುಗಳನ್ನು ಪೂರ್ತಿ ಬಿಡಿಸಿ, ಚೌಕಟ್ಟಿನೊಳಗೆ ಕರ್ಣದ ನೇರಕ್ಕೆ ಮರದ ತುಂಡುಗಳ ನಡುವೆ ಸಣ್ಣ ಜಾಕಿ ಇಟ್ಟು ಮೆಲ್ಲಗೆ ಅಗಲಿಸಿದರು. 4 ಮಿಲಿಮೀಟರ್ ಬೇಕಿದ್ದರೂ 6ರವರೆಗೆ ಒತ್ತಬೇಕಾಯಿತು, ಬಿಟ್ಟಾಗ ತಗಡು ಎರಡು ಹಿಂದಕ್ಕೆ ಬರುತ್ತದೆ. ಆ ಅಳತೆಯಲ್ಲಿ ಎರಡೂ ಕರ್ಣಕ್ಕೆ ಪೈಪು ಬಿಗಿದು ಮತ್ತೆ ತುಂಡು ಹೊಲಿಗೆ. ಬಲಗಡೆಗೆ ಹತ್ತು ಹೊಲಿಗೆಗೊಮ್ಮೆ ಅಳೆದೇ ಮುಂದುವರಿದರು, ಕೊನೆಗೆ ಉಳಿದ ವ್ಯತ್ಯಾಸ 1 ಮಿಲಿಮೀಟರ್.

ನೆಲ ಮತ್ತು ಡಿಕ್ಕಿಯ ತೇಪೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಕ್ರಮ ಅದೇ. ಚಾಸಿ ನಂಬರ್ ಹೊಡೆದಿರುವ ಜಾಗವನ್ನು ಮಾತ್ರ ಕತ್ತರಿಸಬಾರದು, ಗ್ರೈಂಡರ್ ತಾಗಿಸಬಾರದು. ಅದು ಹೋದರೆ ಕಾರಿನ ಗುರುತೇ ಹೋದಂತೆ. ಬೆಂಕಿಯ ಎಚ್ಚರಿಕೆಯನ್ನೂ ಬಿಡುವಂತಿಲ್ಲ: ಪೆಟ್ರೋಲ್ ಟ್ಯಾಂಕ್ ಮತ್ತು ಬ್ಯಾಟರಿ ಶೆಡ್ಡಿನಿಂದಲೇ ಹೊರಗೆ, ನೆಲಕ್ಕಂಟಿದ ಡಾಂಬರಿನ ಪದರ ವೆಲ್ಡಿನಿಂದ ಗೇಣು ದೂರ ಕೆರೆದು ತೆಗೆದಿರಬೇಕು, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್, ಕೆಲಸ ನಿಂತ ಮೇಲೆ ಒಂದು ಗಂಟೆ ಕಾವಲು. ಸೀಟಿನ ಹತ್ತಿಯೊಳಗೆ ಸೇರಿದ ಕಿಡಿ ಎಲ್ಲರೂ ಊಟಕ್ಕೆ ಹೋದ ಮೇಲೆ ಹತ್ತಿಕೊಳ್ಳುತ್ತದೆ.

ಕಪ್ಪು ಚುಕ್ಕೆ

ಬಿಡಿಭಾಗಗಳ ತುಕ್ಕು ಸುಲಭವಾಗಿ ಹೋಯಿತು. ಬ್ರಾಕೆಟ್, ಕೀಲು, ಜಾಕಿಯಂಥವನ್ನು ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಸೇರಿಸಿದ ಡ್ರಮ್ಮಿನಲ್ಲಿ ಎರಡು ವಾರ ನೆನೆಸಿದರೆ ತುಕ್ಕು ತಾನೇ ಬಿಡುತ್ತದೆ, ಗಟ್ಟಿ ಲೋಹ ಬಹುಪಾಲು ಹಾಗೇ ಉಳಿಯುತ್ತದೆ. ನಾತ ಮಾತ್ರ ಸಹಿಸಬೇಕು, ಅಲ್ಯೂಮಿನಿಯಂ ಭಾಗ ಅದರಲ್ಲಿ ಹಾಕಬಾರದು. ಬೇಗ ಬೇಕಾದವಕ್ಕೆ ಲೀಟರಿಗೆ ಒಂದು ಚಮಚ ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಬ್ಯಾಟರಿ ಚಾರ್ಜರ್: ತುಕ್ಕಿನ ಭಾಗಕ್ಕೆ ನೆಗೆಟಿವ್, ಗುಜರಿ ಕಬ್ಬಿಣಕ್ಕೆ ಪಾಸಿಟಿವ್. ಪಾಸಿಟಿವ್ ಕಡೆ ಸ್ಟೇನ್‌ಲೆಸ್ ಸ್ಟೀಲ್ ಹಾಕಿದರೆ ವಿಷಕಾರಿ ಕ್ರೋಮಿಯಂ ನೀರಿಗೆ ಸೇರುತ್ತದೆ. ಏಳುವ ಗುಳ್ಳೆ ಹೈಡ್ರೋಜನ್, ಬಯಲಿನಲ್ಲೇ ಮಾಡಬೇಕು. ಸ್ಪ್ರಿಂಗು, ಗಡಸು ಬೋಲ್ಟುಗಳನ್ನು ಇದರಲ್ಲಿ ಇಟ್ಟರೆ ಹೈಡ್ರೋಜನ್ ಒಳಸೇರಿ ಅವು ಪೆಡಸಾಗಿ ಮುರಿಯಬಹುದು.

ಕಷ್ಟ ಇರುವುದು ಕತ್ತರಿಸದೆ ಉಳಿಸಿಕೊಂಡ ತಗಡಿನಲ್ಲಿ. ವೈರ್ ಬ್ರಷ್ ಆಡಿಸಿದ ತಗಡು ಬೆಳ್ಳಿಯಂತೆ ಹೊಳೆಯುತ್ತದೆ. ಬಿಸಿಲಿಗೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ರಾಗಿಕಾಳಿಗಿಂತ ಸಣ್ಣ ಗುಳಿಗಳು, ಪ್ರತಿ ಗುಳಿಯ ತಳದಲ್ಲಿ ಒಂದು ಕಪ್ಪು ಚುಕ್ಕೆ. ಬ್ರಷ್ಷಿನ ತಂತಿ ಅಲ್ಲಿಗೆ ಇಳಿಯುವುದಿಲ್ಲ, ಗುಳಿಯ ಬಾಯನ್ನು ಸವರಿ ಇನ್ನಷ್ಟು ಮುಚ್ಚಿಬಿಡುತ್ತದೆ. ಚುಕ್ಕೆಯೊಳಗೆ ತುಕ್ಕಿನ ಜೊತೆ ಉಪ್ಪಿನ ಕ್ಲೋರೈಡ್ ಕೂತಿರುತ್ತದೆ. ಮೇಲೆ ಬಣ್ಣ ಹೊಡೆದರೂ ಅದು ಬಣ್ಣದ ಮೂಲಕವೇ ತೇವ ಎಳೆದುಕೊಳ್ಳುತ್ತದೆ.

ಡಿಕ್ಕಿಯ ನೆಲದಲ್ಲಿ ಇದನ್ನು ಲೆಕ್ಕಿಸದೆ ಎಪಾಕ್ಸಿ ಹೊಡೆಯಲಾಗಿತ್ತು. 2024ರ ಆಟಿ ತಿಂಗಳು (ಜುಲೈ-ಆಗಸ್ಟ್) ಕಳೆಯುವಷ್ಟರಲ್ಲಿ ಸ್ಟೆಪ್ನಿ ಗುಂಡಿಯ ಸುತ್ತ ಉದ್ದಿನ ಕಾಳಿನಷ್ಟು ಐದು ಗುಳ್ಳೆ ಎದ್ದವು. ಸೂಜಿಯಿಂದ ಚುಚ್ಚಿದಾಗ ಒಂದು ಹನಿ ನೀರು, ಕೆಳಗೆ ಅದೇ ಕಪ್ಪು.

ಎರಡನೆಯ ಸಲ ಮಾಡಿದ್ದು ಹೀಗೆ. ಬ್ರಷ್ ಬದಲು ಮರಳಿನ ಸ್ಪಾಟ್ ಬ್ಲಾಸ್ಟರಿನಿಂದ ಗುಳಿಗಳ ತಳದವರೆಗೆ ತೆರೆದು, ಶುದ್ಧ ನೀರಿನಲ್ಲಿ ನೆನೆಸಿದ ಬಟ್ಟೆಯನ್ನು ಅರ್ಧ ಗಂಟೆ ಹೊದಿಸಿ, ಉಜ್ಜಿ ತೊಳೆದು, ಹಾಟ್ ಏರ್ ಗನ್ನಿನಿಂದ ಒಣಗಿಸುವುದು. ಇದೇ ಮೂರು ಸಲ. ಕಡಲಬದಿಯ ಬಾವಿನೀರಿನಲ್ಲಿ ಉಪ್ಪಿನಂಶ ಇರಬಹುದಾದ್ದರಿಂದ ಕೊನೆಯ ತೊಳೆತಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಸಂಜೆ ಮೈಗೆ ತೆಳುವಾಗಿ ನೀರು ಚಿಮುಕಿಸಿ ಬಿಟ್ಟರೆ ಬೆಳಗ್ಗೆ ಉಪ್ಪು ಉಳಿದ ಕಡೆ ಕಂದು ಚುಕ್ಕೆ ಎದ್ದು ಕಾಣುತ್ತದೆ, ಅಲ್ಲಿಗೆ ಮತ್ತೊಮ್ಮೆ. ಬಳಿಕ ಫಾಸ್ಫಾರಿಕ್ ಆಸಿಡ್ಡಿನ ರಸ್ಟ್ ರಿಮೂವರ್, ಒಣಗಲು ಬಿಡದೆ ನೀರಿನಲ್ಲಿ ತೊಳೆಯುವುದು. ಅದರ ಬಿಳಿ ಪುಡಿ ಉಳಿದರೆ ಎಪಾಕ್ಸಿ ಹಾಳೆಯಂತೆ ಸುಲಿದು ಬರುತ್ತದೆ. ತಗಡು ಕೈಗೆ ಬೆಚ್ಚಗಿರುವಾಗಲೇ ಎಪಾಕ್ಸಿ ಎರಡು ಕೋಟ್. 2025ರ ಮಳೆಗಾಲ ದಾಟಿದ ಮೇಲೂ ಆ ಜಾಗ ನಯವಾಗಿಯೇ ಇದೆ.

ಮುಚ್ಚುವ ಪದರಗಳು

ಪುಟ್ಟಿ ಹಾಕುವುದು ಎಪಾಕ್ಸಿಯ ಮೇಲೆ, ಬರಿ ತಗಡಿನ ಮೇಲಲ್ಲ. 2 ಮಿಲಿಮೀಟರಿಗಿಂತ ದಪ್ಪ ಬೇಕಾದರೆ ತಗಡನ್ನೇ ಇನ್ನೂ ಬಡಿದು ಸರಿಪಡಿಸಬೇಕು. ವೆಲ್ಡಿನ ಎಲ್ಲ ಸಂದಿಗೂ ಸೀಮ್ ಸೀಲರ್. ಹಳೆಯ ಬಣ್ಣ ಉಳಿಸಿಕೊಂಡ ಮಾಡು ಮತ್ತು ಬಾನೆಟ್ಟಿಗೆ ಮೊದಲು ಥಿನ್ನರ್ ಬಟ್ಟೆ ಐದು ನಿಮಿಷ ಇಟ್ಟು ಪರೀಕ್ಷಿಸಿದರು. ಬಾನೆಟ್ಟಿನ ಬಣ್ಣ ಚರ್ಮದಂತೆ ಸುಕ್ಕುಗಟ್ಟಿತು, ಅದು ಸಿಂಥೆಟಿಕ್ ಎನಾಮೆಲ್. ಅದರ ಮೇಲೆ 2ಕೆ, ಅಂದರೆ ಹಾರ್ಡ್‌ನರ್ ಬೆರೆಸುವ ಬಣ್ಣ, ಹೊಡೆದಿದ್ದರೆ ಇಡೀ ಬಾನೆಟ್ ಹೀಗಾಗುತ್ತಿತ್ತು. ಅದನ್ನು ಪೂರ್ತಿ ಸುಲಿಯಲಾಯಿತು.

ಕೊನೆಯ ಬಣ್ಣವನ್ನು ಮನೆಯಲ್ಲಿ ಹೊಡೆಯಲಿಲ್ಲ. 2ಕೆ ಬಣ್ಣದ ಹಾರ್ಡ್‌ನರಿನಲ್ಲಿ ಐಸೊಸಯನೇಟ್ ಇದೆ, ಉಸಿರಿಗೆ ಹೋದರೆ ಅಸ್ತಮಾ ಬರಬಹುದು. ಸಾಮಾನ್ಯ ಮಾಸ್ಕ್ ಅದನ್ನು ತಡೆಯದು, ಮಕ್ಕಳು ಮುದುಕರಿರುವ ಮನೆಯ ಪಕ್ಕದ ಶೆಡ್ಡು ಅದಕ್ಕೆ ತಕ್ಕ ಜಾಗವೂ ಅಲ್ಲ. ಪ್ರೈಮರ್ ಉಜ್ಜಿ ಸಿದ್ಧಮಾಡಿದ ಕಾರನ್ನು 2025ರ ಫೆಬ್ರವರಿಯಲ್ಲಿ ಲಾರಿಯ ಮೇಲೆ ಬೂತಿಗೆ ಸಾಗಿಸಿದರು. ಮೂಲದ ಕೆನೆಬಣ್ಣವೇ ಆರ್‌ಸಿಯಲ್ಲೂ ಇದ್ದದ್ದರಿಂದ ಆರ್‌ಟಿಒದಲ್ಲಿ ಬಣ್ಣ ಬದಲಾವಣೆಯ ಕೆಲಸ ಬೀಳಲಿಲ್ಲ.

ಬಣ್ಣ ಒಣಗಿದ ಮೇಲೆ ರನ್ನಿಂಗ್ ಬೋರ್ಡ್, ಬಾಗಿಲು, ಪಿಲ್ಲರುಗಳ ಟೊಳ್ಳಿನೊಳಗೆ ಎರಡಡಿ ಉದ್ದದ ನಳಿಕೆಯಿಂದ ಕ್ಯಾವಿಟಿ ವ್ಯಾಕ್ಸ್, ಒಟ್ಟು ಮೂರು ಲೀಟರ್. ಸುಟ್ಟ ಎಂಜಿನ್ ಆಯಿಲ್ ಹೊಡೆಯುವ ಹಳೆಯ ರೂಢಿಯನ್ನು ಬಿಡುವುದೇ ಒಳ್ಳೆಯದು. ಅದು ರಬ್ಬರನ್ನು ಉಬ್ಬಿಸುತ್ತದೆ, ನೆಲಕ್ಕೆ ತೊಟ್ಟಿಕ್ಕಿ ಪಕ್ಕದ ಬಾವಿಯನ್ನೂ ಸೇರುತ್ತದೆ. ವ್ಯಾಕ್ಸ್ ಹಾಕಿದ ಮರುದಿನ ಪ್ರತಿ ಬಾಗಿಲಿನ ಮೂರು ತೂತು, ಪ್ರತಿ ರನ್ನಿಂಗ್ ಬೋರ್ಡಿನ ನಾಲ್ಕು ತೂತುಗಳನ್ನು ತಂತಿ ಹಾಕಿ ಮತ್ತೆ ತೆರೆದರು. ಇದನ್ನು ಮರೆತರೆ ನೀರಿಳಿಯುವ ದಾರಿಯನ್ನು ನಾವೇ ಮುಚ್ಚಿದಂತಾಗುತ್ತದೆ.

ಯಂತ್ರ, ಬ್ರೇಕು, ಟ್ಯಾಂಕು

1089 ಸಿಸಿಯ ಎಂಜಿನ್ ಜಾಮ್ ಆಗಿರಲಿಲ್ಲ, ಬಿಗಿದಿತ್ತು. ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೆ 15 ಮಿಲಿಲೀಟರಿನಷ್ಟು ಡೀಸೆಲ್ ಮತ್ತು ಎಂಜಿನ್ ಆಯಿಲ್ ಸಮಪಾಲು ಹಾಕಿ ಐದು ದಿನ ಬಿಟ್ಟು, ಪುಲ್ಲಿಯ ನಟ್ಟಿಗೆ ಸ್ಪಾನರ್ ಹಾಕಿ ಹಿಂದಕ್ಕೂ ಮುಂದಕ್ಕೂ ಕೂದಲೆಳೆಯಷ್ಟು ಆಡಿಸುತ್ತ ಬಿಡಿಸಿದರು. ಸ್ಟಾರ್ಟರ್ ಹೊಡೆದು ಬಿಡಿಸಲು ಹೋದರೆ ಪಿಸ್ಟನ್ ರಿಂಗ್ ಮುರಿಯುತ್ತದೆ. ನಾಲ್ಕು ಸಿಲಿಂಡರಿನ ಕಂಪ್ರೆಷನ್ (ಪಿಸ್ಟನ್ ಒತ್ತಿದಾಗ ಒಳಗೆ ಏಳುವ ಒತ್ತಡ) 115, 118, 70, 112 ಪಿಎಸ್ಐ. ಮೂರನೆಯದಕ್ಕೆ ಒಂದು ಚಮಚ ಆಯಿಲ್ ಹಾಕಿ ಅಳೆದಾಗಲೂ 75 ದಾಟಲಿಲ್ಲ. ಆಯಿಲ್ ರಿಂಗಿನ ಸಂದಿ ಮುಚ್ಚುತ್ತದೆ, ಆದ್ದರಿಂದ ದೋಷ ರಿಂಗಿನಲ್ಲಲ್ಲ, ವಾಲ್ವಿನಲ್ಲಿ. ಹೆಡ್ ಬಿಚ್ಚಿದಾಗ ಅದರ ಎಕ್ಸಾಸ್ಟ್ ವಾಲ್ವಿನ ಅಂಚಿನಲ್ಲಿ ತುಕ್ಕಿನ ಗುಳಿ. ಕಾರು ನಿಂತ ಗಳಿಗೆಯಲ್ಲಿ ಆ ವಾಲ್ವ್ ತೆರೆದಿತ್ತು, ಸೈಲೆನ್ಸರಿನಿಂದ ಬಂದ ಕಡಲ ತೇವ ಒಂಬತ್ತು ವರ್ಷ ಅದೊಂದನ್ನೇ ತಾಗಿತು. ಹೊಸ ವಾಲ್ವ್ ಹಾಕಿ ಲ್ಯಾಪಿಂಗ್ ಪೇಸ್ಟಿನಿಂದ ಕೂರಿಸಿದ ಮೇಲೆ 116.

ಬ್ರೇಕಿನಲ್ಲಿ ಉಳಿತಾಯದ ಮಾತೇ ಇಲ್ಲ. ಈ ಕಾರಿನದು ನಾಲ್ಕೂ ಚಕ್ರಕ್ಕೆ ಡ್ರಮ್, ಒಂದೇ ಸರ್ಕ್ಯೂಟ್. ಒಂದು ಪೈಪು ಒಡೆದರೆ ನಾಲ್ಕೂ ಬ್ರೇಕ್ ಹೋಗುತ್ತದೆ. ಪೈಪುಗಳೆಲ್ಲ ತಾಮ್ರ-ನಿಕಲ್ ಮಿಶ್ರಲೋಹದವು, ರಬ್ಬರ್ ಹೋಸ್ ಹೊಸದು, ಗುಳಿ ಬಿದ್ದ ವೀಲ್ ಸಿಲಿಂಡರುಗಳಿಗೆ ಸ್ಟೇನ್‌ಲೆಸ್ ತೋಳು ಹಾಕಿಸಿದ್ದು. ಹಳೆಯ ಲೈನಿಂಗಿನ ಧೂಳಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಕಟ್ಟಿ ಎಸೆಯಬೇಕು. ಬ್ರೇಕ್ ಆಯಿಲ್ ಬಣ್ಣವನ್ನು ಕಿತ್ತುಹಾಕುವುದರಿಂದ ಬ್ಲೀಡಿಂಗ್ (ಪೈಪಿನೊಳಗಿನ ಗಾಳಿ ತೆಗೆಯುವುದು) ಎಲ್ಲ ಬಣ್ಣಕ್ಕೆ ಹೋಗುವ ಮುಂಚೆಯೇ ಮುಗಿಯಿತು.

38 ಲೀಟರಿನ ಟ್ಯಾಂಕನ್ನು ಚೆನ್ನಾಗಿ ತೊಳೆದು, ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಲೀಟರಿಗೆ 50 ಗ್ರಾಮಿನಂತೆ, ಸುಮಾರು ಎರಡು ಕಿಲೋ ಕರಗಿಸಿದ ನೀರು ತುಂಬಿ ಒಂದು ದಿನ ಇಟ್ಟರು. ಮುಂಚೆ ಒಂದು ಹಿಡಿ ನಟ್ಟುಗಳನ್ನು ಹಾಕಿ ಕುಲುಕಿ ಪದರ ಉದುರಿಸಿದ್ದರು. ಕೊನೆಗೆ ಅಡುಗೆ ಸೋಡಾದ ನೀರು, ಬಿಸಿಲು, ಒಳಗೆಲ್ಲ 2ಟಿ ಆಯಿಲ್ಲಿನ ಲೇಪ. ಟ್ಯಾಂಕಿನ ಸೋರಿಕೆಗೆ ಮನೆಯಲ್ಲಿ ವೆಲ್ಡಿಂಗ್ ಹಿಡಿಯಬಾರದು, ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿ ಬಾಂಬಿನಂತೆ ಸಿಡಿಯುತ್ತದೆ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್ ಇರುವುದರಿಂದ ಪೆಟ್ರೋಲ್ ಪೈಪು ಮತ್ತು ಪಂಪಿನ ಡಯಾಫ್ರಾಮ್ ಎಥನಾಲ್ ತಾಳುವ ರಬ್ಬರಿನವಾಗಬೇಕು. ಎಥನಾಲ್ ಗಾಳಿಯ ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಂತರೆ ನೀರು ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಮಳೆಗಾಲಕ್ಕೆ ಕಾರು ನಿಲ್ಲಿಸುವವರು ಕಾರ್ಬ್ಯುರೇಟರ್ ಖಾಲಿ ಮಾಡಿಯೇ ನಿಲ್ಲಿಸಬೇಕು.

ಎಲ್ಲ ಸೇರಿಸಿ ಕೀ ತಿರುಗಿಸಿದ ದಿನ ದೀಪಗಳು ಮಿಣುಕಿದವು, ಸ್ಟಾರ್ಟರ್ ನರಳಿತು. ತಪ್ಪು ಹೊಸ ಬಣ್ಣದ್ದೇ: ಅರ್ಥ್ ತಂತಿ ಬಿಗಿದ ಜಾಗದಲ್ಲಿ ಎಪಾಕ್ಸಿಯೂ ಬಣ್ಣವೂ ಕೂತು ವಿದ್ಯುತ್ತಿಗೆ ದಾರಿಯೇ ಇರಲಿಲ್ಲ. ರೂಪಾಯಿ ನಾಣ್ಯದಷ್ಟು ಅಗಲ ಕೆರೆದು, ಬಿಗಿದು, ಮೇಲೆ ಗ್ರೀಸ್ ಸವರಿದಾಗ ಒಂದೇ ಸಲಕ್ಕೆ ಹತ್ತಿಕೊಂಡಿತು.

ಬಿಡಿಭಾಗಗಳಲ್ಲಿ ಸತಾಯಿಸಿದ್ದು ಗಾಜಿನ ರಬ್ಬರ್ ಮತ್ತು ಬಾಗಿಲ ಕೀಲು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬ್ರೇಕು, ಎಂಜಿನ್ನಿನವು ಸಿಕ್ಕವು, ಉಳಿದವು ಮುಂಬೈಯ ಕುರ್ಲಾ ಗುಜರಿಯಿಂದ ಬಂದವು. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿದ ಮೇಲೆ ಹಳೆಯ ಟ್ಯಾಕ್ಸಿ ಬಿಚ್ಚಿ ಮಾರುವ ಸರಕು ಕಡಿಮೆಯಾಗುತ್ತ ಬಂದಿದೆ, ಸಿಕ್ಕಾಗ ಒಂದು ಜೊತೆ ಹೆಚ್ಚಿಗೆ ತೆಗೆದಿಡುವುದು ಜಾಣತನ. ಹೊಸದೆಂದು ಕೊಟ್ಟ ಒಂದು ಗಾಜಿನ ರಬ್ಬರ್ ಎರಡೇ ತಿಂಗಳಲ್ಲಿ ಬಿರುಕು ಬಿಟ್ಟಿತು. ರಬ್ಬರನ್ನು ಮಡಚಿ ಉಗುರಿನಿಂದ ಒತ್ತಿ ನೋಡಿ ಕೊಳ್ಳಬೇಕು. ಮಡಿಕೆಯಲ್ಲಿ ಬೆಳ್ಳಗೆ ಗೀರು ಕಂಡರೆ ಬೇಡ.

50 ವರ್ಷ ತುಂಬದ್ದರಿಂದ ವಿಂಟೇಜ್ ನೋಂದಣಿ ಈ ಕಾರಿಗೆ 2034ಕ್ಕೆ ಮೊದಲು ಸಿಗದು. ಮಾಮೂಲಿ ಐದು ವರ್ಷದ ಆರ್‌ಸಿ ನವೀಕರಣವನ್ನೇ, ತಡವಾದದ್ದರ ದಂಡದೊಂದಿಗೆ ಮಾಡಿಸಲಾಯಿತು.

2025ರ ಅಕ್ಟೋಬರಿನಲ್ಲಿ ಮಳೆ ಬಿಟ್ಟ ಮೇಲೆ ಕಾರನ್ನು ಎತ್ತಿ ನೋಡಿದಾಗ ರನ್ನಿಂಗ್ ಬೋರ್ಡಿನ ಎಂಟು ತೂತುಗಳಲ್ಲಿ ಒಂದು ಕೆಸರಿನಿಂದ ಮುಚ್ಚಿತ್ತು, ತಂತಿಯಿಂದ ತೆರೆದಾಗ ಅರ್ಧ ಲೋಟ ನೀರು ಇಳಿಯಿತು. ಎಡ ಹಿಂದಿನ ಲೀಫ್ ಸ್ಪ್ರಿಂಗಿನ ಮುಂತುದಿ ಬಾಡಿಗೆ ಸೇರುವಲ್ಲಿ ಸೀಲರಿನ ಅಂಚಿನಿಂದ ಬೆರಳುದ್ದದ ಕಂದು ಗೆರೆ ಇಳಿದಿದೆ. ಸುತ್ತಿಗೆಗೆ ಅಲ್ಲಿ ಇನ್ನೂ ಠಣ್ ಎನ್ನುತ್ತದೆ. ಆದರೂ ಡಿಸೆಂಬರಿನಲ್ಲಿ ಸ್ಪ್ರಿಂಗ್ ಇಳಿಸಿ ಆ ಸಂದಿಯನ್ನು ತೆರೆಯುವುದೆಂದು ಗುರುತು ಹಾಕಿಡಲಾಗಿದೆ.